ಕಾರಿನ ಬಾಗಿಲು ತೆರೆಸುವ ಸಣ್ಣಸ್ವಾಮಿ

ಕುಶಾಲನಗರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾವೇರಿ ಕಡೆಯಿಂದ ಬಂದ ಮಂಜು ಕಾರುಗಳ ಗಾಜಿನ ಮೇಲೆ ಕೂತಿದೆ. ಏಸಿ ಮೆಕ್ಯಾನಿಕ್ ಸಣ್ಣಸ್ವಾಮಿ ಟೀ ಲೋಟ ಹಿಡಿದು ಸಾಲಿನುದ್ದಕ್ಕೂ ಗಾಜು ತಟ್ಟುತ್ತ ಬರುತ್ತಾರೆ. "ಬಾಗ್ಲು ತೆಗೀರಪ್ಪ, ಬಾಗ್ಲು! ದೇವ್ರಿಗೂ ಒಂಚೂರು ಗಾಳಿ ಬೇಕು." ಡ್ರೈವರುಗಳು ಗೊಣಗುತ್ತಲೇ ನಾಲ್ಕೂ ಬಾಗಿಲು ತೆರೆಯುತ್ತಾರೆ.

ಇಲ್ಲಿನ ಪದ್ಧತಿಯೇ ಹಾಗೆ. ಬೆಳಿಗ್ಗೆ ಬಂದು ಕೂತ ಡ್ರೈವರು ಚಳಿಗೆ ಗಾಜೆಲ್ಲ ಏರಿಸಿ, ಡ್ಯಾಶ್‌ಬೋರ್ಡಿನ ಮೇಲಿನ ದೇವರಿಗೆ ಊದುಬತ್ತಿ ಹಚ್ಚಿ, ಆಮೇಲೇ ಗಾಡಿ ಸ್ಟಾರ್ಟ್ ಮಾಡಬೇಕು. ಭಕ್ತಿಯಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಕೆಲವು ಕಾರುಗಳ ಏಸಿಯೊಳಗೆ. ಅಸಲಿ ಗ್ಯಾಸಿನ ಬದಲು ಅವುಗಳಲ್ಲಿ ಅಡುಗೆ ಸಿಲಿಂಡರಿನ ಗ್ಯಾಸ್ ತುಂಬಿದೆ. ಅಗ್ಗ, ಬೇಗ ತಣ್ಣಗಾಗುತ್ತದೆ. ದುಬಾರೆಗೆ ಹೊರಟ ಪ್ರವಾಸಿಗರು ಹತ್ತಿದ ಕೂಡಲೇ ಏಸಿ ಕೇಳುತ್ತಾರೆ, ಡ್ರೈವರು ಪಾಪ ಏನು ಮಾಡಿಯಾನು! ಆದರೆ ಪೈಪು ಸವೆದಿದ್ದರೆ ಅದೇ ಗ್ಯಾಸು ರಾತ್ರಿಯಿಡೀ ಸೋರಿ ಮುಚ್ಚಿದ ಕಾರಿನೊಳಗೆ ತುಂಬಿಕೊಳ್ಳುತ್ತದೆ. ಬೆಳಗಾದರೆ ಬೆಂಕಿಕಡ್ಡಿ.

ಇವತ್ತು ಡ್ರೈವರ್ ಧರ್ಮೇಶ್ ತಡವಾಗಿ ಬಂದಿದ್ದಾನೆ. ಹೆಂಡತಿ ಮಾನಸಳಿಗೆ ಮಡಿಕೇರಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿದೆ, ಹೆಣ್ಣು ಮಗು. ತಾಯಿ ಮಗುವನ್ನು ಕೂಡಿಗೆಯ ತವರಿಗೆ ಕರೆದುಕೊಂಡು ಹೋಗುವ ದಿನ. ತೊಳೆದು ನಿಲ್ಲಿಸಿದ್ದ ಕಾರಿಗೆ ಸೇವಂತಿಗೆ ಹಾರ ಹಾಕಿ, ಒಳಗೆ ಕೂತು ಕಡ್ಡಿಪೊಟ್ಟಣ ತೆಗೆದಿದ್ದಾನೆ. ಸಣ್ಣಸ್ವಾಮಿ ಸಾಲಿನ ಕೊನೆಗೆ ಬಂದು ಬಾಗಿಲು ಎಳೆಯುತ್ತಾರೆ. ಮಲ್ಲಿಗೆ ಸೆಂಟಿನ ಘಮದ ಅಡಿಯಲ್ಲಿ ಇನ್ನೊಂದು ವಾಸನೆ ಮೂಗಿಗೆ ಬಡಿಯುತ್ತದೆ. ಟೀ ಲೋಟ ನೆಲಕ್ಕೆ ಬೀಳುತ್ತದೆ, ಕಡ್ಡಿಪೊಟ್ಟಣ ಅವರ ಕೈಗೆ ಬರುತ್ತದೆ.

"ಎಂತ ಮಾರಾಯ ನೀನು? ಪೂಜೆ ಹೊತ್ತಲ್ಲಿ ಕೈಯಿಂದ ಕಿತ್ಕೊಳ್ಳೋದಾ? ಇವತ್ತೇ ಅಪಶಕುನ ಮಾಡ್ಬೇಕಿತ್ತಾ?" ಧರ್ಮೇಶನ ಮುಖ ಕೆಂಪಾಗುತ್ತದೆ.

"ಮೊದ್ಲು ಇಳಿ ಕೆಳಗೆ. ಆಮೇಲೆ ಬೈಯಿ. ವಾಸ್ನೆ ಬರ್ತಿಲ್ವಾ ನಿಂಗೆ?"

"ನಾಲ್ಕು ದಿನದಿಂದ ಬರ್ತಾ ಉಂಟು. ಹೋಂಸ್ಟೇಗೆ ಸಿಲಿಂಡರ್ ಸಾಗ್ಸಿದ್ದೆ, ಅದ್ರದ್ದೇ ಇರ್ಬೇಕು ಅಂತ ದಿನಾ ಎರಡು ಊದುಬತ್ತಿ ಜಾಸ್ತಿ ಹಚ್ತಿದ್ದೀನಿ. ಹೋಗ್ತಾನೇ ಇಲ್ಲ."

ಗ್ಯಾಸಿನ ವಾಸನೆ ಓಡಿಸಲು ಊದುಬತ್ತಿ! ಆ ನಾಲ್ಕು ದಿನವೂ ಮನೆಯಂಗಳದಲ್ಲಿ ಬಾಗಿಲು ತೆರೆದಿಟ್ಟು ಕಾರು ತೊಳೆದ ಮೇಲೆ ಹಚ್ಚಿದ್ದನಂತೆ. ತಲೆಗೆ ಬಂದದ್ದು ತಲೆಪಾಗಿಗೆ ಹೋಗಿದೆ. ಈ ಸಲ ಮಾತ್ರ ನಿನ್ನೆ ಸಂಜೆಯೇ ತೊಳೆದು, ಗಾಜು ಬಿಗಿಯಾಗಿ ಏರಿಸಿ ಸ್ಟ್ಯಾಂಡಿನಲ್ಲೇ ನಿಲ್ಲಿಸಿ ಹೋಗಿದ್ದ.

ಸಣ್ಣಸ್ವಾಮಿಯ ತಂದೆ ತಾಯಿ ಅರಕಲಗೂಡು ಕಡೆಯಿಂದ ಬಂದು ಇಲ್ಲಿ ಬೇಸಾಯಕ್ಕೆ ನಿಂತವರು. ಇವರು ಹಾಲಿನ ಡೈರಿಯ ಶೀತಲ ಘಟಕದಲ್ಲಿ ಕ್ಯಾನು ತೊಳೆಯುತ್ತ, ಕಂಪ್ರೆಸರ್ ಕೆಟ್ಟಾಗಲೆಲ್ಲ ಮೆಕ್ಯಾನಿಕ್ಕಿನ ಪಕ್ಕ ಟಾರ್ಚು ಹಿಡಿದು ಕೆಲಸ ಕಲಿತರು. ಈಗ ಮಡಿಕೇರಿ ರಸ್ತೆಯಲ್ಲಿ ತಗಡಿನ ಶೆಡ್ಡು. ಅಗ್ಗದ ಗ್ಯಾಸ್ ತುಂಬಲ್ಲ ಅಂದದ್ದಕ್ಕೆ ಕಳೆದ ಬೇಸಿಗೆ ಪೂರ್ತಿ ಶೆಡ್ಡು ಬಣಗುಟ್ಟಿದೆ. "ನಾನು ಇಲ್ಲ ಅಂದ್ರೆ ಮುಂದಿನ್ ಶೆಡ್‌ನೋನು ಹೂಂ ಅಂತಾನೆ ಸಾರ್. ಅದಕ್ಕೇ ಸ್ಟ್ಯಾಂಡಿಗೇ ಬರೋಕ್ ಶುರು ಮಾಡ್ದೆ. ಗ್ಯಾಸ್ ತುಂಬ್ಸಿದ್ರೆ ತುಂಬ್ಸಿ, ಬಾಗ್ಲಾದ್ರೂ ತೆಗೀರಿ ಅಂತ," ಎನ್ನುತ್ತಾರೆ ನನ್ನೊಡನೆ ಮಾತಾಡುತ್ತ.

ಹಾಗಂತ ಉರಿಯುವ ಗ್ಯಾಸನ್ನೆಲ್ಲ ಅವರು ಶಪಿಸುವುದಿಲ್ಲ. ಅಮ್ಮತ್ತಿ, ಗಾಳಿಬೀಡು ಕಡೆಯ ಮನೆಗಳಿಗೆ ಈಗ ಅಂಥ ಗ್ಯಾಸಿನ ಹೊಸ ಏಸಿ ಬರುತ್ತಿವೆ, ಇವರೇ ಕೂರಿಸುತ್ತಾರೆ. "ಅದು ಅದಕ್ಕೇ ಅಂತ ಕಟ್ಟಿದ್ ಮೆಷಿನ್ನು. ಗ್ಯಾಸ್ ಕಮ್ಮಿ, ಕರೆಂಟೂ ಕಮ್ಮಿ, ಭೂಮಿಗೂ ಒಳ್ಳೇದಂತೆ. ನಾನು ಹೋದ್ ಮನೇಲಿ ದೀಪ ಎಲ್ಲಿ, ಒಲೆ ಎಲ್ಲಿ ಅಂತ ಕೇಳ್ಕೊಂಡೇ ಜಾಗ ಗುರುತು ಮಾಡೋದು. ಹಳೇ ಮೆಷಿನ್‌ಗೆ ಅದನ್ನ ತುಂಬಿದ್ರೆ ಮಾತ್ರ ಮಡ್ಲಲ್ಲಿ ಕೆಂಡ ಕಟ್ಕೊಂಡ್ ಹಾಗೆ."

ಸೋರುತ್ತಿರುವುದು ಏಸಿಗೆ ತುಂಬಿಸಿದ ಅಗ್ಗದ ಗ್ಯಾಸೇ ಎಂದು ಸಣ್ಣಸ್ವಾಮಿ ಹೇಳಿದರೂ ಧರ್ಮೇಶ್ ಇನ್ನೂ ಹಟ ಬಿಟ್ಟಿಲ್ಲ. ಆಸ್ಪತ್ರೆಯಿಂದ ಫೋನ್ ಮೇಲೆ ಫೋನ್. "ಏಸಿ ಹಾಕಲ್ಲ ಬಿಡಣ್ಣ, ಹಂಗೇ ಹೋಗ್ಬರ್ತೀನಿ."

"ಹಾಕ್ಲಿಲ್ಲ ಅಂದ್ರೂ ಸೋರೋದು ಸೋರ್ತದೆ ಕಣೋ. ಬಾಣಂತಿಗೆ ಗಾಳಿ ತಾಗ್ಬಾರ್ದು ಅಂತ ನಿಮ್ಮತ್ತೆ ಒಂದ್ ಗಾಜೂ ಇಳಿಸೋಕ್ ಬಿಡಲ್ಲ. ಮಗೂನ ಆ ಡಬ್ಬದೊಳಗೆ ಕೂರಿಸ್ತೀಯಾ?"

ಇಷ್ಟು ಹೊತ್ತು ತನ್ನ ಕಾರು, ತನ್ನ ಪೂಜೆ ಎಂದು ಹಾರಾಡಿದ ಧರ್ಮೇಶ್ ಕಾರಿನ ಕೀಲಿಯನ್ನು ಸಣ್ಣಸ್ವಾಮಿಯ ಕೈಗಿಡುತ್ತಾನೆ.

ಸ್ಟಾರ್ಟ್ ಮಾಡುವ ಹಾಗಿಲ್ಲ, ಒಂದು ಕಿಡಿಯೂ ಬೇಡ. ಬಾಗಿಲೆಲ್ಲ ಹಾರುಹೊಡೆದು, ಬೀಡಿಗಳನ್ನು ಆರಿಸಿ, ಸ್ಟ್ಯಾಂಡಿನವರೆಲ್ಲ ಹೆಗಲು ಕೊಟ್ಟು ಹಾರ ಹಾಕಿದ ಕಾರನ್ನು ಹಿಂದಿನ ಬಯಲಿಗೆ ತಳ್ಳುತ್ತಾರೆ. "ತೇರು ಬಂತು, ದಾರಿ ಬಿಡಿ!" ಎಂದು ಯಾರೋ ಚುಡಾಯಿಸುತ್ತಾರೆ, ಧರ್ಮೇಶನಿಗೂ ನಗು ಬರುತ್ತದೆ. ಸಣ್ಣಸ್ವಾಮಿ ಬ್ಯಾಟರಿ ಕಳಚಿ, ಎಲ್ಲರನ್ನೂ ದೂರ ನಿಲ್ಲಿಸಿ, ಉದ್ದ ಪೈಪು ಹಾಕಿ ಗ್ಯಾಸನ್ನು ನಿಧಾನವಾಗಿ ಹೊರಗೆ ಬಿಡುತ್ತಾರೆ. ಡ್ಯಾಶ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲ್ ತೂತಾಗಿದೆ. ಹೊಸದು ಮೈಸೂರಿನಿಂದ ಬಸ್ಸಿನಲ್ಲಿ ಬರಬೇಕು. ಕಾರು ಚೆನ್ನಾಗಿ ಗಾಳಿಯಾಡಿ, ವಾಸನೆಯ ಸುಳಿವೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಅವರು ಬ್ಯಾಟರಿ ಜೋಡಿಸುವುದು. "ಏಸಿ ಇಲ್ಲ. ಹುಷಾರಾಗ್ ಹೋಗ್ ಬಾ."

ಸ್ಟ್ಯಾಂಡಿನಲ್ಲಿ ಆಮೇಲೆ ಯಾರೂ ಗೊಣಗುವುದಿಲ್ಲ. ಇಬ್ಬರು ಡ್ರೈವರುಗಳು ತಾವಾಗಿಯೇ ಹತ್ತಿರ ಬಂದು, "ನಮ್ದೂ ಒಂದ್ಸಲ ನೋಡ್ಬಿಡಣ್ಣ," ಎಂದು ತಲೆ ಕೆರೆದುಕೊಳ್ಳುತ್ತಾರೆ. ಒಬ್ಬನ ಕಾರಿನಲ್ಲಿ ಅದೇ ಗ್ಯಾಸ್ ಸಿಗುತ್ತದೆ. ಇನ್ನು ಈ ಸ್ಟ್ಯಾಂಡಿನ ಯಾವ ಕಾರಿಗೂ ಅದನ್ನು ತುಂಬಿಸುವುದಿಲ್ಲವೆಂದು ಅಲ್ಲೇ ಮಾತಾಗುತ್ತದೆ.

ಮಧ್ಯಾಹ್ನ ಬಿಸಿಲು ಚುರುಗುಟ್ಟುವ ಹೊತ್ತಿಗೆ ಧರ್ಮೇಶನ ಕಾರು ಶೆಡ್ಡಿನ ಮುಂದೆ ನಿಲ್ಲುತ್ತದೆ. ಗಾಜೆಲ್ಲ ಏರಿದೆ. ಒಳಗೆ ಕಿವಿಗೆ ಬಟ್ಟೆ ಕಟ್ಟಿಕೊಂಡ ಮಾನಸ, ಅವಳ ಮಡಿಲಲ್ಲಿ ಮಗು, ಪಕ್ಕದಲ್ಲಿ ಅವಳ ತಾಯಿ ಸಿದ್ದಮ್ಮ. ಸಿದ್ದಮ್ಮ ಒಂದೇ ಒಂದು ಗೇಣು ಗಾಜು ಇಳಿಸಿ, "ಏಸಿ ಕೆಟ್ಟೋಯ್ತಂತೆ, ಒಳ್ಳೇದೇ ಆಯ್ತು ಬುಡಪ್ಪ. ಬಾಣಂತಿಗೆ ಎಂತಾ ಏಸಿ?" ಎನ್ನುತ್ತಾರೆ. ಮಾನಸ ಮಗುವನ್ನು ಸ್ವಲ್ಪ ಮೇಲೆತ್ತಿ ತೋರಿಸುತ್ತಾಳೆ. ಗ್ರೀಸು ಹತ್ತಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸಣ್ಣಸ್ವಾಮಿ ಬಗ್ಗಿ ನೋಡುತ್ತಾರೆ. ಧರ್ಮೇಶ್ ಸ್ಟೇರಿಂಗ್ ಹಿಡಿದು ಎದುರಿನ ರಸ್ತೆಯನ್ನೇ ನೋಡುತ್ತಿದ್ದಾನೆ, ಅವನ ಕಣ್ಣು ತುಂಬಿದೆ.

ಬೆಳಿಗ್ಗೆ ನಡೆದದ್ದನ್ನು ಆ ಹೆಂಗಸರಿಗೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದರೆ, ಕೂಡಿಗೆ ಕಡೆ ತಿರುಗುತ್ತಿರುವ ಕಾರನ್ನೇ ನೋಡುತ್ತ ಸಣ್ಣಸ್ವಾಮಿ ಕೈಯ ಗ್ರೀಸು ಒರೆಸಿಕೊಳ್ಳುತ್ತಾರೆ.

"ಯಾಕ್ ಹೇಳ್ಬೇಕು ಸಾರ್? ಮಗು ನಿದ್ದೆ ಮಾಡ್ತಿತ್ತು."