ಹೊಳೆ ದಾಟಿ ಬಂದ ಬೆಕ್ಕು

ಹಗಲು ಬೆಕ್ಕು ಕೂಗುವುದಕ್ಕೂ ರಾತ್ರಿ ಅದೇ ಬೆಕ್ಕು ಕೂಗುವುದಕ್ಕೂ ವ್ಯತ್ಯಾಸವಿದೆಯೆಂಬುದನ್ನು ಬೆಕ್ಕು ಸಾಕಿದವರಾರೂ ಅಲ್ಲಗಳೆಯಲಾರರು. ಹಗಲಿನ ಕೂಗಿಗೆ ಒಂದು ವಿಳಾಸವಿರುತ್ತದೆ. ಹಾಲಿನ ತಪ್ಪಲೆಗೋ, ಮೀನು ಕೊಯ್ಯುವ ಮೆಟ್ಟುಗತ್ತಿಗೋ, ಮುಚ್ಚಿದ ಬಾಗಿಲಿಗೋ ಬರೆದ ಕಾಗದದಂತೆ ಅದು ನೇರವಾಗಿ ಹೋಗಿ ಮುಟ್ಟುತ್ತದೆ. ರಾತ್ರಿಯ ಕೂಗಿಗೆ ವಿಳಾಸವೇ ಇಲ್ಲ. ಆದ್ದರಿಂದ ಅದು ಮನೆಯಲ್ಲಿ ಮಲಗಿದ ಪ್ರತಿಯೊಬ್ಬರಿಗೂ ಬಟವಾಡೆಯಾಗುತ್ತದೆ.

ಹೊನ್ನಾವರದ ಬಂದರದ ಹತ್ತಿರದ ನಮ್ಮ ಮನೆಯಲ್ಲಿ ಈ ಬಟವಾಡೆಯ ಹೊಣೆ ಹೊತ್ತವಳು ಸುಬ್ಬಿ. ನಾನು ಕನ್ನಡ ಶಾಲೆಗೆ ಸೇರಿದ ವರ್ಷ ಅವಳು ನಮ್ಮ ಮನೆಗೆ ಸೇರಿದಳು. ನಾನು ಮೆಟ್ರಿಕ್ ಮುಗಿಸಿ ತೆಂಗಿನಕಾಯಿ ವ್ಯಾಪಾರದ ವಖಾರಿಯೊಂದರಲ್ಲಿ ಬರವಣಿಗೆಗೆ ನಿಲ್ಲುವ ಹೊತ್ತಿಗೆ ಅವಳು ಇಲಿ ಹಿಡಿಯುವ ಉದ್ಯೋಗದಿಂದ ನಿವೃತ್ತಳಾಗಿ, ಒಲೆಯ ಬೂದಿಯ ಪಕ್ಕದಲ್ಲಿ ವಿಶ್ರಾಂತಿ ವೇತನ ಪಡೆಯುತ್ತಿದ್ದಳು. ಹಗಲೆಲ್ಲ ಮೌನಗೌರಿ. ರಾತ್ರಿ ದೀಪ ಆರಿ, ಆಯಿಯ, ಅಂದರೆ ನಮ್ಮ ತಾಯಿಯ, ಬಳೆಗಳ ಸದ್ದು ಅಡಗಿ, ಮನೆ ಇನ್ನೇನು ನಿದ್ದೆಗೆ ಇಳಿಯಬೇಕು, ಅಷ್ಟರಲ್ಲಿ ಒಳಗಿನಿಂದ ದೀರ್ಘವಾದ, ಕೊನೆಯಲ್ಲಿ ತುಸು ಪ್ರಶ್ನೆಯಂತೆ ಬಾಗುವ ಒಂದು ಕೂಗು.

ಬೇರೆ ಕಾಲದಲ್ಲಾಗಿದ್ದರೆ ನಾವು ಇದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆವು. ಆದರೆ ಆ ಮಳೆಗಾಲ ಮುಗಿಯುವಾಗ, ಶಿರಾಲಿಯ ಶಾಲೆಯಲ್ಲಿ ಮಾಸ್ತರಾಗಿದ್ದ ಅಪ್ಪಯ್ಯ ವಿಷಮಜ್ವರ ಹಿಡಿದು ಮನೆಗೆ ಬಂದಿದ್ದರು. ಜ್ವರವೇನೋ ಬಿಟ್ಟಿತು, ಬಿಡುವಾಗ ಅವರ ಅರ್ಧ ಮೈಯನ್ನೂ ಸಂಗಡ ಒಯ್ದಿತು. ನಾಡಿ ನೋಡಿದ ಪಂಡಿತರು ನನ್ನನ್ನು ಜಗಲಿಗೆ ಕರೆದು, “ಔಷಧ ನಾ ಕೊಡ್ತೆ. ನಿದ್ದೆ ನೀವು ಕೊಡ್ಬೇಕು. ನಿದ್ದೆ ಇಲ್ಲದಿದ್ರೆ ನನ್ನ ಔಷಧ ಬಚ್ಚಲಿಗೆ ಹೊಯ್ದ ಹಾಗೆ” ಎಂದರು. ನಿದ್ದೆಯನ್ನು ಕೊಡುವುದು ಹೇಗೆಂದು ಅವರು ಹೇಳಲಿಲ್ಲ. ಅಪ್ಪಯ್ಯ ಮಾತ್ರ ಬಹಳ ಸ್ಪಷ್ಟವಾಗಿದ್ದರು: “ಈ ಮನೆಲಿ ಒಂದೋ ಅದು ಇರ್ಬೇಕು, ಒಂದೋ ನಾನು.”

ಇಲ್ಲಿ ನನ್ನ ಒಂದು ದೌರ್ಬಲ್ಯವನ್ನು ತಮಗೆ ತಿಳಿಸಬೇಕು. ನಾನು ದಿನಚರಿ ಬರೆಯುವವನು. ಬರೆಯುವವನೆಂದರೆ ಭಾವನೆಗಳನ್ನು ಹರಿಯಬಿಡುವವನಲ್ಲ. ಗೆರೆ ಎಳೆದು, ಅಂಕಣ ಮಾಡಿ, ತಾರೀಖು ಹಾಕಿ, ಗಾಳಿ ಯಾವ ಕಡೆಯದು, ಕಾಯಿಯ ಧಾರಣೆ ಎಷ್ಟು, ಎಂದು ತುಂಬುವವನು. ಜಗತ್ತಿನ ಯಾವ ಸಂಕಟವೂ ಸರಿಯಾಗಿ ಗೆರೆ ಎಳೆದ ಹಾಳೆಯ ಮುಂದೆ ಬಹಳ ಕಾಲ ನಿಲ್ಲಲಾರದೆಂಬುದು ಆಗ ನನ್ನ ದೃಢವಿಶ್ವಾಸ. ಸುಬ್ಬಿಯ ಕೂಗಿಗೂ ಒಂದು ಅಂಕಣ ಎಳೆದೆ. ಯುದ್ಧದ ಕಾಲ, ಸೀಮೆಎಣ್ಣೆ ಚೀಟಿಯ ಮೇಲೆ ಸಿಗುತ್ತಿದ್ದುದರಿಂದ ಕತ್ತಲಲ್ಲೇ ತಡವರಿಸಿ ಬರೆಯುತ್ತಿದ್ದೆ. ಬೆಳಿಗ್ಗೆ ನೋಡಿದರೆ ಬೆಕ್ಕಿನ ಕೂಗುಗಳು ಕಾಯಿಯ ಧಾರಣೆಯ ಮೇಲೆ ಹತ್ತಿ ಕೂತಿರುತ್ತಿದ್ದವು.

ಮೊದಲು ಹಸಿವೆಂದುಕೊಂಡೆವು. ಮಲಗುವ ಮುಂಚೆ ಹಾಲು ಇಟ್ಟರೆ ಅದನ್ನು ಕುಡಿದು ಹೊಸ ಶಕ್ತಿಯಿಂದ ಕೂಗಿದಳು. ಚಳಿಯೆಂದು ಗೋಣಿ ಹಾಸಿದೆವು. ಆಮೇಲೆ ನಾನು ಚಂದ್ರನನ್ನು ನೋಡಿ ಸಮುದ್ರದ ಭರತಿ ಇಳಿತಗಳ ಲೆಕ್ಕಕ್ಕೆ ಕೈಹಾಕಿದೆ. ಬಂದರದಲ್ಲಿ ಹುಟ್ಟಿದವರಿಗೆ ಇದೊಂದು ರೋಗ. ದೋಣಿ ಬಿಡಲು, ಮದುವೆಯ ದಿಬ್ಬಣ ಹೊರಡಲು, ಕಡೆಗೆ ಹಲ್ಲುನೋವು ಏರಿದ್ದಕ್ಕೂ ನಾವು ಹೊಳೆಯ ನೀರನ್ನೇ ನೋಡುವವರು. ಭರತಿ ಏರುವಾಗ ಬೆಕ್ಕಿನ ಹೊಟ್ಟೆಯಲ್ಲೂ ಏನೋ ಏರುತ್ತದೆಂಬ ನನ್ನ ಸಿದ್ಧಾಂತವನ್ನು ವಖಾರಿಯಲ್ಲಿ ಎಲ್ಲರೂ ತಲೆದೂಗಿ ಒಪ್ಪಿದರು. ಸುಬ್ಬಿಯೊಬ್ಬಳು ಒಪ್ಪಲಿಲ್ಲ. ಅವಳು ಭರತಿಯಲ್ಲೂ ಕೂಗಿದಳು, ಇಳಿತದಲ್ಲೂ ಕೂಗಿದಳು.

ಉಳಿದದ್ದು ಒಂದೇ ಉಪಾಯ. ನಮ್ಮಲ್ಲಿ ಬೇಡವಾದ ಬೆಕ್ಕನ್ನು ಯಾರೂ ಕೊಲ್ಲುವುದಿಲ್ಲ, ಪಾಪ ಬರುತ್ತದೆ, ಹೊಳೆ ದಾಟಿಸುತ್ತಾರೆ. ಬುಟ್ಟಿಯಲ್ಲಿ ಮುಚ್ಚಿ, ದಿಕ್ಕು ತಪ್ಪುವಂತೆ ದೋಣಿ ಹತ್ತುವ ತಾರಿಯ ಕಟ್ಟೆಯ ಮೇಲೆ ಮೂರು ಸುತ್ತು ತಿರುಗಿಸಿ, ದೋಣಿಯಲ್ಲಿ ಶರಾವತಿಯ ಆಚೆ ದಡ ಕಾಸರಕೋಡಿಗೆ ಒಯ್ದು ಬಿಟ್ಟರೆ ನೀರು ದಾಟಿದ ಬೆಕ್ಕು ಮರಳಿ ಬರುವುದಿಲ್ಲವೆಂದು ನಂಬಿಕೆ. ಪಾಪವೂ ಪುಣ್ಯವೂ ಎರಡು ದಡಗಳಲ್ಲಿ ಸರಿಯಾಗಿ ಹಂಚಿಹೋಗುವ ಇಂಥ ಅನುಕೂಲವಾದ ಪದ್ಧತಿ ಹೊಳೆಯಿಲ್ಲದ ಊರಿನವರಿಗೆ ದೊರಕಲಾರದು.

ರಜೆಯ ದಿನ ಬೆಳಿಗ್ಗೆ ಆಯಿ ಬುಟ್ಟಿಗೆ ತನ್ನ ಹಳೆಯ ಸೀರೆಯನ್ನು ಹಾಸಿದಳು. ಬೇಡವೆನ್ನಲಿಲ್ಲ, ಗಂಡನ ನಿದ್ದೆಯ ಎದುರು ಬೆಕ್ಕಿನ ಪರ ಮಾತಾಡುವುದು ಹೇಗೆ? “ಮೀನು ಪೇಟೆ ಬದಿಗೇ ಬಿಡು, ಆತಾ?” ಎಂದಷ್ಟೇ ಹೇಳಿ ಒಳಗೆ ಹೋದಳು. ನಾನು ಬುಟ್ಟಿ ಹೊತ್ತು ನಡೆದೆ. ತಾರಿಯ ಕಟ್ಟೆಯ ಮೇಲೆ ಮೂರು ಸುತ್ತು ತಿರುಗಿದೆ. ಬುಟ್ಟಿಯೊಳಗಿದ್ದವಳಿಗೆ ಏನಾಯಿತೋ ತಿಳಿಯದು. ನನಗೆ ಮಾತ್ರ ತಲೆ ತಿರುಗಿ ದೋಣಿಯ ಅಂಚು ಹಿಡಿದು ಕೂತೆ.

ಆಚೆ ದಡದಲ್ಲಿ ಇಳಿದಾಗ, ದೋಣಿ ಹತ್ತಲು ನಿಂತವರ ನಡುವೆ ನನ್ನ ಆಯಿಯ ವಯಸ್ಸಿನ ಒಬ್ಬ ಹೆಂಗಸಿದ್ದಳು. ಅವಳ ಕಂಕುಳಲ್ಲೂ ಒಂದು ಬುಟ್ಟಿ. ಅದು ತನ್ನಷ್ಟಕ್ಕೆ ಅಲುಗಾಡುತ್ತಿತ್ತು. ಅವಳು ನನ್ನ ಬುಟ್ಟಿ ನೋಡಿದಳು, ನಾನು ಅವಳದನ್ನು ನೋಡಿದೆ.

“ಎಂತ ತಮ್ಮಾ, ಬೆಕ್ಕ?”

“ಹೌದು.”

“ನಂದೂ. ಮೀನು ಮುಚ್ಚಿಡೂಕೆ ಬಿಡೂದಿಲ್ಲ, ಕಳ್ಳ ಬಡ್ಡಿಮಗ. ನಿಂದು?”

“ರಾತ್ರಿ ಕೂಗ್ತದೆ.”

ಹೊನ್ನಾವರದವರು ತಲೆಮಾರುಗಳಿಂದ ಬೆಕ್ಕುಗಳನ್ನು ಕಾಸರಕೋಡಿಗೆ ಸಾಗಿಸುತ್ತಿದ್ದರೆ, ಕಾಸರಕೋಡಿನವರು ತಮ್ಮವನ್ನು ಎಲ್ಲಿಗೆ ಸಾಗಿಸುತ್ತಿದ್ದಾರೆಂದು ನಮ್ಮ ದಡದಲ್ಲಿ ಯಾರೂ ಯೋಚಿಸಿರಲಿಲ್ಲ. ನಮ್ಮ ಬಂದರದಲ್ಲಿ ಗುರುತಿಲ್ಲದ ಬೆಕ್ಕುಗಳು ಎಂದೂ ಕಡಿಮೆಯಾಗದಿರುವ ರಹಸ್ಯ ಆಗ ಹೊಳೆಯಿತು. ಅವಳೂ ಅದೇ ಯೋಚನೆಯಲ್ಲಿದ್ದಿರಬೇಕು. “ಹಂಗಾರೆ ಇಲ್ಲೇ ಅದಲು ಬದಲು ಮಾಡ್ಕಂಬ. ನನಗೆ ದೋಣಿ ಹತ್ತೂದು ತಪ್ತದೆ” ಎಂದಳು. ಕ್ರಮವರಿತು ಯೋಚಿಸುವ ನನಗೆ ಈ ಸೂಚನೆಯಲ್ಲಿ ತಪ್ಪೇನೂ ಕಾಣಲಿಲ್ಲ. ಅವಳು ಮಾತ್ರ ನೋಡದೆ ಕೊಳ್ಳುವವಳಲ್ಲ; ನನ್ನ ಬುಟ್ಟಿಯ ಮುಚ್ಚಳವನ್ನು ತಾನೇ ಎತ್ತಿದಳು.

“ಅಯ್ಯೋ, ಇದು ಮುದುಕಿ. ಇದಕ್ಕೆ ನಂದು ಕೊಡೂದಾ? ನಾ ಒಲ್ಲೆ ಮಾರಾಯಾ. ಇದನ್ನ ಇಲ್ಲಿ ಬಿಟ್ರೆ ಕತ್ಲಾಗೂದ್ರೊಳಗೆ ನಾಯಿ ಪಾಲು.”

ಬೆಳಗಿನ ಎಳೆಬಿಸಿಲು ಸುಬ್ಬಿಯ ಮುಖದ ಮೇಲೆ ನೇರವಾಗಿ ಬಿದ್ದಿತ್ತು. ಬೆಕ್ಕಿನ ಕಣ್ಣುಪಾಪೆ ಬಿಸಿಲಿಗೆ ಭತ್ತದ ಕಾಳಿನಷ್ಟು ಸಣ್ಣದಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಸುಬ್ಬಿಯ ಪಾಪೆಗಳು ಅರಳಿಯೇ ಇದ್ದವು. ನೇರಳೆ ಹಣ್ಣಿನಂತೆ ದುಂಡಗೆ, ಕಪ್ಪಗೆ. ನಾನು ಅವಳ ಮುಖದ ಮುಂದೆ ಸದ್ದಿಲ್ಲದೆ ಬೆರಳಾಡಿಸಿದೆ. ರೆಪ್ಪೆ ಅಲುಗಲಿಲ್ಲ. “ಸುಬ್ಬೀ” ಎಂದೆ. ಕಿವಿ ಎರಡೂ ನನ್ನ ಕಡೆ ತಿರುಗಿದವು. ಆಮೇಲೆ ಮುಖ ತಿರುಗಿ, ನನ್ನ ಭುಜದ ಆಚೆ ಎಲ್ಲೋ ನೋಡಿತು.

ಚಂದ್ರನನ್ನು ನೋಡಿದ್ದೆ, ಗಾಳಿಯನ್ನು ನೋಡಿದ್ದೆ, ಸಮುದ್ರವನ್ನೇ ನೋಡಿ ಬಂದಿದ್ದೆ. ಬೆಕ್ಕಿನ ಮುಖವೊಂದನ್ನು ಬಿಟ್ಟಿದ್ದೆ. ಹಗಲು ಮನೆಯ ತುಂಬ ಸದ್ದಿರುತ್ತದೆ: ಬಾವಿಯ ಗಡಗಡೆ, ಒರಳಿನ ಗುಂಡು, ಆಯಿಯ ಬಳೆ, ಅಪ್ಪಯ್ಯನ ಕೆಮ್ಮು. ಆ ಸದ್ದುಗಳನ್ನು ಹಿಡಿದುಕೊಂಡು ಅವಳು ನಡೆದಾಡುತ್ತಿದ್ದಳು. ದೀಪ ಆರಿದ ಮೇಲೆ ಒಂದೊಂದೇ ಸದ್ದು ನಿಂತು, ಮನೆಯಲ್ಲಿ ಯಾರೂ ಉಳಿದಿಲ್ಲವೆಂದು ಅನಿಸುತ್ತಿದ್ದಿರಬೇಕು. ಯಾರಾದರೂ ಇದ್ದೀರಾ ಎಂದು ಕೇಳುತ್ತಿದ್ದಳು, ಅಷ್ಟೇ. ನಾವು ಉತ್ತರ ಕೊಡದೆ, ಉಸಿರು ಬಿಗಿಹಿಡಿದು, ಅವಳು ಸುಮ್ಮನಾಗಲೆಂದು ಕಾಯುತ್ತಿದ್ದೆವು.

ಬುಟ್ಟಿ ಮುಚ್ಚಿಕೊಂಡು ಅದೇ ದೋಣಿಯನ್ನು ಮರಳಿ ಹತ್ತಿದೆ. ಆ ಹೆಂಗಸೂ ತನ್ನ ಕಳ್ಳನೊಂದಿಗೆ ಎದುರು ಕೂತಳು. ಅಂಬಿಗ ಬಿದಿರ ಜಲ್ಲೆ ಊರುತ್ತ, “ಎಂತ ಸಣ್ಣ ಒಡೆಯಾ, ಹೋದ ಬೆಕ್ಕು ಹೋದ ಹಾಂಗೇ ಬಂತಲ?” ಎಂದ. ಕಾಸರಕೋಡಿನ ನೀರು ಅದಕ್ಕೆ ಒಗ್ಗಲಿಲ್ಲವೆಂದೆ. ಎಲ್ಲರೂ ನಕ್ಕರು. ಆ ಕಳ್ಳ ಬೆಕ್ಕು ನಮ್ಮ ಬಂದರದಲ್ಲಿ ಇಳಿದು, ಮೀನು ಪೇಟೆಯಲ್ಲಿ ನೆಲೆಯೂರಿ, ಈಗ ಕರುವಿನಷ್ಟಾಗಿದೆಯೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಆದರೆ ಪಂಡಿತರ ಮಾತು ನನ್ನ ಹೆಗಲ ಮೇಲೆ ಬುಟ್ಟಿಗಿಂತ ಭಾರವಾಗಿ ಕೂತಿತ್ತು. ಮನೆಯ ಮೆಟ್ಟಿಲು ಹತ್ತುವಾಗ ಅಪ್ಪಯ್ಯ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ಮುಖ ಸುಣ್ಣ ಬಳಿದಂತಿತ್ತು. ಬುಟ್ಟಿಯನ್ನು ಅವರೆದುರು ಇಟ್ಟು, “ಅಪ್ಪಯ್ಯಾ, ಇದಕ್ಕೆ ಕಣ್ಣು ಕಾಣೂದಿಲ್ಲ. ರಾತ್ರಿ ನಾವು ಇದ್ದೇವಾ ಅಂತ ಕೇಳೂದು” ಎಂದೆ.

ಅವರು ಬುಟ್ಟಿಯ ಮುಚ್ಚಳ ಎತ್ತಿದರು. ಆಮೇಲೆ ಪರೀಕ್ಷೆ ಮಾಡುವ ಮಾಸ್ತರರಂತೆ ಬಗ್ಗಿ, ಕೈಬೆರಳನ್ನು ಅವಳ ಮುಂದೆ ಅತ್ತಿತ್ತ ಆಡಿಸಿದರು.

“ಯಾವಾಗಿಂದ?”

“ಗೊತ್ತಿಲ್ಲ.”

“ದಿನಾ ಬರೀತಿದ್ಯಲ. ಇದನ್ನೊಂದು ಬರೆದಿಟ್ಟಿಲ್ವಾ?”

ಬಾಗಿಲ ಮರೆಯಲ್ಲಿ ನಿಂತಿದ್ದ ಆಯಿ ಹಿಂದಿನಿಂದ, “ಅವ ಬರೆಯೂದು ಕತ್ಲಲ್ಲಿ” ಎಂದಳು. ಬಹಳ ದಿನಗಳ ಮೇಲೆ ಅಪ್ಪಯ್ಯನ ತುಟಿಯ ಅಂಚು ಸ್ವಲ್ಪ ಅಲುಗಿತು. “ಇದೊಂದು ರಾತ್ರಿ ನೋಡ್ವ” ಎಂದರು. ಸುಬ್ಬಿಗೆ ದೊರೆತ ವಾಯಿದೆ ಅಷ್ಟೇ.

ಆ ರಾತ್ರಿ ಉತ್ತರ ಕೊಡಲು ನಾನೇ ಎಚ್ಚರವಿರಬೇಕೆಂದು ನಿಶ್ಚಯಿಸಿಕೊಂಡಿದ್ದೆ. ದೀಪ ಆರಿತು. ಮನೆ ನಿಶ್ಶಬ್ದವಾಯಿತು. ಒಲೆಯ ಕಡೆಯಿಂದ ಆ ಬಾಗಿದ ಕೂಗು ಬಂದಿತು. ನಾನು ಬಾಯಿ ತೆರೆಯುವ ಮುಂಚೆಯೇ ಅಪ್ಪಯ್ಯನ ಹಾಸಿಗೆಯಿಂದ, ಕ್ಷೀಣವಾಗಿದ್ದರೂ ತರಗತಿಯಲ್ಲಿ ಹಾಜರಿ ಹೇಳುವಷ್ಟು ಸ್ಪಷ್ಟವಾಗಿ, “ಇಲ್ಲೇ ಇದ್ದೇವೆ ಮಾರಾಯ್ತಿ, ಮನಿಕೋ” ಎಂಬ ಧ್ವನಿ ಬಂತು. ಸುಬ್ಬಿ ಸುಮ್ಮನಾದಳು. ತುಸು ಹೊತ್ತಿಗೆ ಮತ್ತೆ ಕೇಳಿದಳು. ಮತ್ತೆ ಉತ್ತರ ಸಿಕ್ಕಿತು. ಆಮೇಲಿನದು ನನಗೆ ತಿಳಿಯದು. ಕಾವಲಿಗೆ ಕೂತವನೇ ಮೊದಲು ಮಲಗಿಬಿಟ್ಟೆ. ಬೆಳಿಗ್ಗೆ ಏಳುವಾಗ ಬಿಸಿಲು ಅಂಗಳಕ್ಕೆ ಬಂದಿತ್ತು, ಅಪ್ಪಯ್ಯ ಇನ್ನೂ ಗೊರಕೆ ಹೊಡೆಯುತ್ತಿದ್ದರು.

ಸುಬ್ಬಿ ಹೀಗೆ ಕೇಳುವುದು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಅಪ್ಪಯ್ಯನಿಗೆ ಗಂಜಿ ಹೋಗಿ ಅನ್ನ ಬಂತು. ಕೋಲು ಹಿಡಿದು ಬಂದರದ ತನಕ ನಡೆದರು. ಶಿರಾಲಿಗೆ ಹಿಂತಿರುಗುವ ದಿನವೂ ಗೊತ್ತಾಯಿತು. ಅವರು ಹೊರಡುವ ಹಿಂದಿನ ರಾತ್ರಿ ದೀಪ ಆರಿದ ಮೇಲೆ ಸುಬ್ಬಿ ಒಮ್ಮೆಯೂ ಕೂಗಲಿಲ್ಲ. ಬೂದಿಯ ಬಿಸಿಗೆ ನಿದ್ದೆ ಹತ್ತಿರಬೇಕು. ಮನೆ ಶಾಂತವಾಗಿತ್ತು. ಅಪ್ಪಯ್ಯ ಅತ್ತ ಹೊರಳಿದರು, ಇತ್ತ ಹೊರಳಿದರು, ಗಂಟಲು ಸರಿಮಾಡಿಕೊಂಡರು. ಕಡೆಗೆ ಕತ್ತಲಿಗೆ ಮುಖ ಮಾಡಿ ಮೆಲ್ಲಗೆ, “ಎಂತದೇ, ಇದ್ಯಾ?” ಎಂದು ಕೂಗಿದರು.

ಒಲೆಯ ಹತ್ತಿರದಿಂದ ನಿದ್ದೆಗಣ್ಣಿನ ಒಂದು ಸಣ್ಣ ಉತ್ತರ ಬಂತು.

ಆಯಿ ಮಗ್ಗುಲು ಬದಲಿಸಿ, ಹೊದಿಕೆಯನ್ನು ಕಿವಿಯ ಮೇಲೆ ಎಳೆದುಕೊಂಡಳು. “ಮೊದ್ಲು ಒಂದೇ ಇತ್ತು,” ಎಂದಳು, “ಈಗ ಎರಡಾತು.”