ಹಳ್ಳಕ್ಕೆ ಇಳಿದ ಕಲ್ಲಿನ ರಾಡಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಇಳಕಲ್ಲಿನ ಒಂದು ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ತಿರುಗುವ ಚಕ್ರದ ಕೆಳಗೆ ಕೆಂಪು ಕಲ್ಲು, ಅದರ ಮೇಲೆ ಸದಾ ಸುರಿಯುವ ನೀರು. ಕಲ್ಲಿಗೆ ಹೊಳಪು ಬಂದಾಗ ನನಗೆ ಎಲ್ಲಿಲ್ಲದ ಖುಷಿ. ಕಲ್ಲಿನ ಹಿಟ್ಟು ಬೆರೆತ ಆ ನೀರು ಗೋಡೆಯ ಕಿಂಡಿಯಿಂದ ಹಿಂದಿನ ಹಳ್ಳಕ್ಕೆ ಇಳಿಯುತ್ತಿತ್ತು. ಎರಡು ವರ್ಷ ನಾನು ಆ ಕಡೆ ಹಣಿಕಿಯೂ ನೋಡಲಿಲ್ಲ.

ಅದೇ ಹಳ್ಳದ ಉಸುಕಿನಲ್ಲಿ ವರತೆ ತೋಡಿ ನಮ್ಮ ಓಣಿಯವರು ಕುಡಿಯುವ ನೀರು ತರುತ್ತಿದ್ದರು. ಮೊಣಕೈ ಆಳದ ಕುಣಿ ತೋಡಿದರೆ ತಿಳಿನೀರು ಒಸರುತ್ತಿತ್ತು. ಪಕ್ಕದ ಮನೆಯ ಮುದುಕಿ ದಿನಾ ಬೆಳಿಗ್ಗೆ ಅಲ್ಲಿ ಕುಳಿತು, ತಂಬಿಗೆಯಿಂದ ಮೊಗೆದು ಮೊಗೆದು ಕೊಡ ತುಂಬಿಕೊಳ್ಳುತ್ತಿದ್ದಳು. ಒಂದು ದಿನ ಆಕೆ ಖಾಲಿ ಕೊಡ ಹಿಡಿದು ಕಾರ್ಖಾನೆಯ ಬಾಗಿಲಿಗೇ ಬಂದಳು.

“ನೀರು ಬರವಲ್ದಪಾ. ಎಷ್ಟ ತೋಡಿದ್ರೂ ಬರೇ ರಾಡಿ. ಒಮ್ಮಿ ಬಂದ ನೋಡು.”

ಹೋಗಿ ನೋಡಿದೆ. ಉಸುಕಿನ ಮೇಲೆ ಬೂದುಬಣ್ಣದ ಗಾರೆ ಮೆತ್ತಿದಂತಿತ್ತು. ಕೈ ಹಾಕಿದರೆ ಬೆರಳಿಗೆ ಅಂಟುತ್ತಿತ್ತು. ನಮ್ಮ ಕಿಂಡಿಯಿಂದ ಇಳಿದ ಕಲ್ಲಿನ ಹಿಟ್ಟೇ ಅದು.

ಮರುದಿನ ಮಾಲೀಕರ ಮುಂದೆ ನಿಂತೆ. “ಸಾವ್ಕಾರ್ರ, ಹಿಂದ ಮೂರು ಗುಂಡಿ ತಗಿಯೂಣ್ರಿ. ರಾಡಿ ತಳಕ್ಕ ಕುಂದರತೈತಿ. ತಿಳಿನೀರು ತಿರುಗಿ ಮಶೀನಿಗೇ ಬಳಸಬಹುದು.”

“ತಗೀರಿ. ಆದ್ರ ಮಶೀನು ನಿಂದರಬಾರದು.”

ಹಾಗಾಗಿ ರಜೆಯ ದಿನಗಳಲ್ಲಿ ನಾನು, ಜೊತೆಗೆ ಕೆಲಸ ಮಾಡುವ ಇನ್ನೊಬ್ಬ, ಇಬ್ಬರೇ ತೋಡಿದೆವು. ಮೊದಲ ಗುಂಡಿ ತುಂಬಿ ಎರಡನೆಯದಕ್ಕೆ, ಅದು ತುಂಬಿ ಮೂರನೆಯದಕ್ಕೆ ನೀರು ಹರಿಯಿತು. ಮೂರನೆಯದರಲ್ಲಿ ತಳ ಕಾಣುತ್ತಿತ್ತು. ಮುದುಕಿಯನ್ನು ಕರೆದು ತೋರಿಸಿದೆ. ಆಕೆ ಬಾಗಿ ನೀರಲ್ಲಿ ಕೈ ಆಡಿಸಿ, “ಖರೇನ ಶಾಣ್ಯಾ ಅದಿ ನೋಡು” ಅಂದಳು. ಆ ಮಾತಿಗೆ ನಾನು ಉಬ್ಬಿಹೋದೆ.

ಆದರೆ ಗುಂಡಿಗಳು ವಾರಕ್ಕೊಮ್ಮೆ ರಾಡಿಯಿಂದ ತುಂಬುತ್ತಿದ್ದವು. ಅದನ್ನು ಬುಟ್ಟಿಯಲ್ಲಿ ಹೊತ್ತು ಹಾಕುವುದಾದರೂ ಎಲ್ಲಿ? ಕಾರ್ಖಾನೆಯ ಆವರಣದಲ್ಲಿ ಜಾಗವಿರಲಿಲ್ಲ, ದೂರ ಸಾಗಿಸಲು ಬಂಡಿ ಕೊಡುವವರಿರಲಿಲ್ಲ. ಹಳ್ಳದ ದಂಡೆಯ ಮೇಲೇ ಗುಡ್ಡೆ ಹಾಕಿದೆವು. ಬಿಸಿಲಿಗೆ ಒಣಗಿ ಕಲ್ಲಾಗುತ್ತದೆ ಅಂದುಕೊಂಡೆ. ಹಾಗೆ ಹಾಕಲು ಹೇಳಿದವನು ನಾನೇ.

ಮುಂಗಾರಿನ ಮೊದಲ ದೊಡ್ಡ ಮಳೆಗೆ ಇಡೀ ಗುಡ್ಡೆ ಕರಗಿ ಹಳ್ಳಕ್ಕೆ ಇಳಿಯಿತು. ಮೊದಲು ಒಂದೆರಡು ವರತೆಗಳಷ್ಟೇ ಕೆಟ್ಟಿದ್ದವು, ಈಗ ಓಣಿಯ ಎಲ್ಲ ವರತೆಗಳೂ ಅದರಡಿ ಮುಚ್ಚಿಹೋದವು. ಮಳೆ ನಿಂತ ಮೇಲೆ ಗುದ್ದಲಿಯಿಂದ ಒಡೆದು ನೋಡಿದೆ. ಕೆಳಗಿನ ಉಸುಕೂ ಹಿಟ್ಟು ಹಿಡಿದು ಬಿಗಿದುಕೊಂಡಿತ್ತು.

ಅದೇ ತಿಂಗಳು ಮಾಲೀಕರು ಕಲ್ಲಿನ ದಿಮ್ಮಿ ಇಳಿಸಲು ಜಾಗ ಬೇಕೆಂದು ಗುಂಡಿಗಳನ್ನು ಮುಚ್ಚಿಸಿದರು. ಬೇಡವೆಂದು ಯಾವ ಮುಖದಿಂದ ಹೇಳಲಿ? ಗುಂಡಿ ಇದ್ದಾಗ ಆಗಿದ್ದನ್ನು ಎಲ್ಲರೂ ನೋಡಿದ್ದರು. ಕಿಂಡಿಯಿಂದ ನೀರು ಮತ್ತೆ ನೇರ ಹಳ್ಳಕ್ಕೆ ಬಿದ್ದಿತು.

ಓಣಿಯವರು ಊರ ನಳದ ಸರದಿಗೆ ನಿಲ್ಲತೊಡಗಿದರು. ನಳಕ್ಕೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮುದುಕಿ ಆ ನೂಕಾಟದಲ್ಲಿ ಹಿಂದೆ ಉಳಿಯುವುದನ್ನು ನೋಡಲಾರದೆ ಒಂದು ಬೆಳಿಗ್ಗೆ ಅಂದೆ: “ಆಯಿ, ಹಳ್ಳದ ಮ್ಯಾಲಿನ ಕಡಿ ಹೋಗಿ ನಾ ಹೊಸಾ ವರತಿ ತೋಡಿ ಕೊಡ್ತೇನಿ.”

“ಬ್ಯಾಡಪಾ,” ಅಂದಳು, ಸಿಟ್ಟಿಲ್ಲದೆ. “ಮ್ಯಾಲೂ ಎರಡು ಕಾರ್ಖಾನಿ ಸುರು ಆಗ್ಯಾವ. ನಾ ನಿನ್ನೆ ನೋಡಿ ಬಂದೇನಿ.”

ನನ್ನ ಪಾಳಿಯ ಹೊತ್ತಾಗಿತ್ತು. ಕೆಲಸಕ್ಕೆ ಹೋದೆ.