ವಿಮಾನ ಕಟ್ಟಾಕತ್ತೇನಿ

ವಿಮಾನದಲ್ಲಿ ನಾನು ಇವತ್ತಿಗೂ ಕೂತಿಲ್ಲ. ರೋಣದಿಂದ ಹುಬ್ಬಳ್ಳಿ ಬಸ್ಸು ಹತ್ತಿದರೇ ಹೊಟ್ಟೆ ತೊಳಸುವ ಮನುಷ್ಯ. ಆದರೂ ಎರಡು ಸಾವಿರದ ಈಚಿನ ಆ ವರ್ಷಗಳಲ್ಲಿ ನಮ್ಮ ಪಡಸಾಲೆಯ ಗಾಜಿನ ಕಪಾಟಿನಲ್ಲಿ ಒಂದು ಸಣ್ಣ ವಾಯುಪಡೆಯೇ ನಿಂತಿತ್ತು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಇತ್ತು, ಅದರೊಡನೆ ಕಾದಾಡಿದ ಜರ್ಮನ್ ವಿಮಾನ ಇತ್ತು, ನಮ್ಮವರು ಹಾರಿಸಿದ ಹಂಟರ್ ಇತ್ತು. ಎಲ್ಲವೂ ಅಸಲಿನ ಎಪ್ಪತ್ತೆರಡರಲ್ಲಿ ಒಂದು ಪಾಲು. ಗಜೇಂದ್ರಗಡದ ಬಟ್ಟೆ ವ್ಯಾಪಾರಿ ಗೆಳೆಯ, ಮುಸಲ್ಮಾನ, ಮುಂಬೈಗೆ ಮಾಲು ತರಲು ಹೋದಾಗಲೆಲ್ಲ ನನಗಾಗಿ ಒಂದು ಡಬ್ಬಿ ತರುತ್ತಿದ್ದ. ಒಳಗೆ ಬರೀ ಪ್ಲಾಸ್ಟಿಕ್ ತುಂಡುಗಳು. ಅಂಟು ಹಚ್ಚಿ ಜೋಡಿಸಿ, ಬಣ್ಣ ಬಳಿಯಬೇಕು. ಅದಕ್ಕೆ ಮನೆಯಲ್ಲಿ ‘ವಿಮಾನ ಕಟ್ಟೂದು’ ಅಂತಿದ್ದೆವು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಮಾಸ್ತರ. ಯುದ್ಧದ ಪಾಠ ಬಂದರೆ ಹುಡುಗರಿಗೆ ವಿಮಾನ ತೋರಿಸುತ್ತೇನೆ ಎಂಬುದು ನೆಪ. ಖರೇ ಹೇಳಬೇಕೆಂದರೆ ನನಗದು ಚಟ. ‘ಆ ಅಂಟಿನ ವಾಸನಿಗೆ ಊಟನೂ ಸೇರವಲ್ದು, ಅದನ್ನ ಕಟ್ಟಿಕೊಂಡ ಬಾಳೇವು ಮಾಡ್ರಿ’ ಎಂದು ಹೆಂಡತಿ ಸಿಡುಕುತ್ತಿದ್ದಳು. ಬೈಯಲಿ ಬಿಡು ಎಂದು ನಾನು ಕಪಾಟು ಒರೆಸುತ್ತಿದ್ದೆ.

ಒಂದು ಬೇಸಿಗೆ ರಜೆಯಲ್ಲಿ ಅಪ್ಪ ಹಾಸಿಗೆ ಹಿಡಿದ. ದವಾಖಾನೆಯವರು ಮನೆಗೆ ಕಳಿಸಿದ್ದರು. ಒಳಕೋಣೆಯಲ್ಲಿ ಮಲಗಿ ಅವನು ಕೇಳಿದ್ದು ಒಂದೇ ಮಾತು: ‘ನನ್ನ ತಂಗೀಗೆ ಹೇಳಿ ಕಳಸೋ ತಮ್ಮಾ. ಆಕೀನ್ನ ಒಮ್ಮೆ ನೋಡಬೇಕು.’

ನರಗುಂದದ ಅತ್ತೆ ಅಪ್ಪನಿಗೆ ಒಬ್ಬಳೇ ತಂಗಿ. ನನ್ನ ಮದುವೆಗೆ ಅಪ್ಪ ಖುದ್ದು ಹೋಗಿ ಕುಂಕುಮ ಹಚ್ಚಿ ಕರೆಯದೆ, ಆ ಕಡೆ ಹೊರಟ ಯಾರದೋ ಕೈಯಲ್ಲಿ ಲಗ್ನಪತ್ರಿಕೆ ಕಳಿಸಿದ್ದ. ಮನೆಮಗಳನ್ನು ಹಾಗೆ ಕರೆದರೆ ಬಂದಾಳೇ? ಬರಲಿಲ್ಲ. ಅಂದಿನಿಂದ ಅವಳು ನಮ್ಮ ಹೊಸ್ತಿಲು ತುಳಿಯಲಿಲ್ಲ, ಇವನೂ ಅಲ್ಲಿಗೆ ಹೋಗಲಿಲ್ಲ. ಹಟದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು.

‘ಹೇಳ್ತೇನಪಾ’ ಅಂದೆ. ಹೇಳಲಿಲ್ಲ. ಫೋನು ಮಾಡಿದರೆ ಅತ್ತೆ ಹಳೆಯದನ್ನೆಲ್ಲ ತೆಗೆದು ಅಳುತ್ತಾಳೆ, ಕೇಳುತ್ತ ಕೂರಬೇಕು, ನಾಳೆ ಮಾಡಿದರಾಯಿತು ಅಂದುಕೊಂಡೆ. ಗೆಳೆಯ ಬೇರೆ ಹೊಸ ಡಬ್ಬಿ ತಂದುಕೊಟ್ಟಿದ್ದ. ಮತ್ತೆ ಅಪ್ಪ ಕೇಳಿದಾಗ ಬಾಯಿಗೆ ಬಂದದ್ದು, ‘ಹೇಳೀನಪಾ, ಬರ್ತಾಳಂತ.’ ಇನ್ನೊಮ್ಮೆ, ‘ಯಾಕ ಬರವಲ್ಲಳೋ?’ ಅಂದ. ‘ಬರ್ತಾಳ ತಡೀ’ ಅಂದೆ. ಆಮೇಲೆ ಕೇಳುವುದನ್ನೇ ಬಿಟ್ಟ. ಸದ್ಯ ಸುಮ್ಮನಾದನಲ್ಲ ಎಂದು ನನಗೆ ಹಗುರವಾಯಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಆ ಹೊಸ ಡಬ್ಬಿಯಲ್ಲಿದ್ದದ್ದು ನ್ಯಾಟ್. ಹೆಸರಿನ ಅರ್ಥವೇ ನೊರಜು ಹುಳ. ನಿಜವಾದ ನ್ಯಾಟ್ ಕೂಡ ಯುದ್ಧವಿಮಾನಗಳಲ್ಲಿ ಗಿಡ್ಡದು, ಹಗುರದ್ದು. ಅರವತ್ತೈದರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳ ಎದುರು ಇದೆಂಥ ಆಟಿಕೆ ಅಂದವರಿದ್ದರಂತೆ. ಚಿಕ್ಕದಾದ್ದರಿಂದ ಕಣ್ಣಿಗೆ ಬೀಳುತ್ತಿರಲಿಲ್ಲ, ಗರಕ್ಕನೆ ತಿರುಗುತ್ತಿತ್ತು. ಕೊನೆಗೆ ಸೇಬರುಗಳನ್ನೇ ಕೆಡವಿ ಹೆಸರು ಮಾಡಿತು. ನನ್ನ ನ್ಯಾಟ್ ಅಂಗೈಯಲ್ಲಿ ಕೂರುವಷ್ಟು. ಅದರ ರೆಕ್ಕೆ ತುದಿಯಲ್ಲಿ ತುಸು ಕೆಳಗಿಳಿದಿರಬೇಕು, ನೆಟ್ಟಗೆ ನಿಂತರೆ ಅದು ನ್ಯಾಟೇ ಅಲ್ಲ. ಅಂಟು ಬಿಗಿಯುವ ತನಕ ಎರಡೂ ಕೈಯಿಂದ ಹಿಡಿದುಕೊಂಡೇ ಇರಬೇಕು.

ಹಾಗೆ ಹಿಡಿದು ಕೂತಾಗ ಫೋನು ಹೊಡೆದುಕೊಂಡಿತು. ಹೆಂಡತಿ ಹಿತ್ತಲಲ್ಲಿದ್ದಳು. ಮೊಣಕೈಗಳ ನಡುವೆ ರಿಸೀವರ್ ಎತ್ತಿ ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡೆ. ಗರಗರ ಸದ್ದಿನ ನಡುವೆ ಯಾವಳೋ ಹೆಂಗಸು, ‘ಮನ್ಯಾಗ ಎಲ್ಲಾರೂ ಹ್ಯಾಂಗದೀರಿ?’ ಅಂದಳು. ಯಾವುದೋ ಹುಡುಗನ ತಾಯಿ, ಪಾಸು ನಪಾಸು ಕೇಳಲಿಕ್ಕೆ ಮಾಡಿದ್ದಾಳೆ ಅಂದುಕೊಂಡು ಸಿಟ್ಟು ಬಂತು.

‘ಈಗ ಮಾತಾಡಾಕ ಆಗೂದಿಲ್ರಿ. ವಿಮಾನ ಕಟ್ಟಾಕತ್ತೇನಿ’ ಅಂದೆ. ಆ ಕಡೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ನಾನು ಫೋನು ಇಟ್ಟೆ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರು ಕಟ್ಟಿ, ಹೂವಿನಿಂದ ಸಿಂಗರಿಸಿ, ಅದರಲ್ಲಿ ಕೂರಿಸಿ ಮೆರವಣಿಗೆಯಲ್ಲಿ ಒಯ್ಯುತ್ತೇವೆ. ಅದಕ್ಕೂ ವಿಮಾನವೆಂದೇ ಹೆಸರು. ಒಬ್ಬರು ಜಡ್ಡಾಗಿರುವ ಮನೆಯಿಂದ ‘ವಿಮಾನ ಕಟ್ಟಾಕತ್ತೇನಿ’ ಅಂದರೆ ನಮ್ಮ ಕಡೆಯವರಿಗೆ ಬೇರೆ ಅರ್ಥವೇ ಇಲ್ಲ. ಹುಟ್ಟಿದಾಗಿನಿಂದ ಆ ಮಾತು ಕೇಳಿ ಬೆಳೆದ ನನಗೆ ಆಗ ಅದು ಹೊಳೆಯಲಿಲ್ಲ.

ಮಧ್ಯಾಹ್ನ ಓಣಿಯ ತುದಿಯಲ್ಲಿ ಒಂದು ಜೀಪು ನಿಂತಿತು. ಇಳಿದವಳು ಅತ್ತೆ, ಕೈಯಲ್ಲಿ ದೊಡ್ಡ ಹೂವಿನ ಹಾರ. ಸಾವಿನ ಮನೆಗೆ ಬರುವ ಹೆಂಗಸರ ರೂಢಿಯಂತೆ ಓಣಿಯಿಂದಲೇ ಹಾಡ್ಯಾಡಿ ಅಳುತ್ತ ಬಂದಳು. ‘ಎಣ್ಣಾ... ಕರೀಲಿಲ್ಲಂತ ಸಿಟ್ಟ ಹಿಡದು ಕುಂತ್ನಲ್ಲೋ ನನ್ನಣ್ಣಾ... ಇವತ್ತ ನಾನ ಸೋತು ಫೋನ್ ಮಾಡಿದ್ರ ನೀ ಇಲ್ಲದಂಗ ಆದ್ಯಲ್ಲೋ...’

ನಾನು ಬಾಗಿಲಿಗೆ ಓಡಿದೆ. ಒಳಗಿನಿಂದ ಅಪ್ಪನ ದನಿ ಬಂತು: ‘ಲೇ, ಅದು ನನ್ನ ತಂಗಿ ದನಿ. ಯಾರ ಸತ್ತಾರ?’

ಅತ್ತೆಯ ಅಳು ಅಲ್ಲಿಗೇ ನಿಂತಿತು. ಹಾರ ಹೊಸ್ತಿಲಲ್ಲೇ ಬಿಟ್ಟು ಒಳಗೆ ಓಡಿದಳು. ಅವನ ಮುಖ, ಕೈ, ಎದೆ ಎಲ್ಲ ಮುಟ್ಟಿ ನೋಡಿದಳು. ಇಬ್ಬರೂ ನಕ್ಕರು, ನಗುತ್ತಲೇ ಅತ್ತರು. ನಾನು ಹೇಳಿದ ಫೋನಿನ ಕಥೆ ಕೇಳಿ ಹೆಂಡತಿಯೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಆ ನಗುವಿನಲ್ಲೇ ತೇಲಿ ಪಾರಾದೆ ಅಂದುಕೊಂಡೆ.

ಆಗ ಅಪ್ಪ ಕೇಳಿದ: ‘ಹಂಗಾದ್ರ ಸತ್ತ ಮ್ಯಾಲ ಬರಬೇಕಂತ ಮಾಡಿದ್ದ್ಯೇನ? ಇವ ಅಷ್ಟ ಸಲ ಹೇಳಿ ಕಳಿಸಿದ್ರೂ ಬರಲಿಲ್ಲಲ್ಲ ನೀ.’

‘ನನಗ ಯಾರ ಹೇಳ್ಯಾರ? ನಿನ್ನಾಣಿ ಅಣ್ಣಾ, ಯಾರೂ ಹೇಳಿಲ್ಲ. ನಿನಗ ಜಡ್ಡಂತ ಮೊನ್ನಿ ಪ್ಯಾಟ್ಯಾಗ ಮಂದಿ ಮಾತಾಡೂದು ಕೇಳೀನಿ.’

ಅಪ್ಪ ನನ್ನ ಕಡೆ ನೋಡಿದ. ನನ್ನ ಬೆರಳುಗಳಿಗೆ ಅಂಟು ಇನ್ನೂ ಮೆತ್ತಿಕೊಂಡಿತ್ತು. ಬೈದಿದ್ದರೆ ಚಲೋ ಇತ್ತು. ಅವನು ತಂಗಿಯ ಕೈ ಹಿಡಿದು ಮೆಲ್ಲಗೆ ಹೇಳಿದ: ‘ನೀ ಬರಾಕ ಒಲ್ಲೆ ಅಂದಿ ಅಂತ ತಿಳದಿದ್ನವಾ. ನಾ ಸತ್ರ ಆಕೀಗೆ ನನ್ನ ಮಾರಿ ತೋರಸಬ್ಯಾಡ ಅಂತ ಸೊಸಿ ಕೈಲೆ ಭಾಷಿ ತಗೊಂಡೀನಿ.’

ಹೆಂಡತಿಯ ನಗು ಇಂಗಿತು. ಆಕೆಯೂ ನನ್ನ ಮಾತನ್ನೇ ನಂಬಿ ಭಾಷೆ ಕೊಟ್ಟಿದ್ದಳು.

ಅತ್ತೆ ಊರಿಗೆ ಮರಳಲಿಲ್ಲ. ಅಪ್ಪ ಇರುವ ತನಕ ಅವನ ತಲೆದೆಸೆಯಲ್ಲೇ ಉಳಿದಳು, ಅವನ ಬಾಯಿಗೆ ಗಂಜಿ ಹಾಕಿದಳು. ನನ್ನನ್ನು ಇಬ್ಬರೂ ಒಂದು ಮಾತೂ ಅನ್ನಲಿಲ್ಲ. ಆದರೆ ಇಟಗಿಯ ಹಳೆಯ ಗೆಳೆಯನನ್ನು ನೋಡಬೇಕೆನಿಸಿದಾಗ ಅಪ್ಪ ನನ್ನನ್ನು ದಾಟಿ ಆಚೆ ನೋಡಿ, ‘ತಂಗೀ, ಓಣ್ಯಾಗ ಯಾರರ ಹೊಂಟಿದ್ರ ಕರಿ, ಒಂದು ಮಾತು ಹೇಳಿ ಕಳಸೂದೈತಿ’ ಅಂದ. ನಾನು ಫೋನಿನ ಪಕ್ಕದಲ್ಲೇ ನಿಂತಿದ್ದೆ.